ಗಂಡನ ಹೆಸರಿನ ಖಾನೆಯಿಂದ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಫೈಲೊಂದರಲ್ಲಿ ನನ್ನ ಹೆಂಡತಿ ಪ್ರಣಿತಾಳ ಹೆಸರಿನ ಮುಂದೆ ‘ಬಂಜೆತನ’ ಎಂದು ಬರೆದು ಠಸ್ಸೆ ಒತ್ತಿದ್ದೀರಿ. ಅದು ಸುಳ್ಳು. ಮೂರು ವರ್ಷ ಆಕೆಯ ರಕ್ತ ತೆಗೆದಿರಿ, ಸ್ಕ್ಯಾನ್ ಮಾಡಿದಿರಿ, ಗುಳಿಗೆ ನುಂಗಿಸಿದಿರಿ, ಸೂಜಿ ಚುಚ್ಚಿದಿರಿ. ಹೊರಗಿನ ಬೆಂಚಿನ ಮೇಲೆ ಆಕೆಯ ಚೀಲ ಕಾಯುತ್ತ ಕೂತಿದ್ದ ನನ್ನನ್ನು ಒಬ್ಬರೂ ಏನೂ ಕೇಳಲಿಲ್ಲ. ನನ್ನ ಬಗ್ಗೆ ಆಕೆಯನ್ನು ಕೇಳಿದ್ದು ಒಂದೇ: ಗಂಡನ ಹೆಸರು. ಖಾನೆ ತುಂಬಬೇಕಲ್ಲ! ದೋಷ ಇದ್ದದ್ದು ಆ ಖಾನೆಯಲ್ಲಿಯೇ, ಅಂದರೆ ನನ್ನಲ್ಲಿ. ಇದನ್ನು ಹೆಸರು, ಊರು ಸಮೇತ ಪತ್ರಿಕೆಗೆ ಬರೆಯುತ್ತಿದ್ದೇನೆ. ನಗುವವರು ನಗಲಿ.

ನಾನು ನೇಸರಗಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ನೀರು ಎತ್ತುತ್ತಿಲ್ಲ ಎಂದು ಯಾರಾದರೂ ಬಂದರೆ ಮೊದಲು ಮೋಟಾರಿಗೆ ಮೀಟರ್ ಹಚ್ಚುತ್ತೇನೆ, ಆಮೇಲೆ ಬಾವಿಯ ಮಾತು. ಮೋಟಾರನ್ನು ಮುಟ್ಟಿಯೂ ನೋಡದೆ ಮೂರು ವರ್ಷ ಬಾವಿಯನ್ನೇ ತೋಡಿಸಿದರೆ ನಮ್ಮ ರೈತರು ನನ್ನ ಅಂಗಡಿಗೆ ಕೀಲಿ ಜಡಿಯುತ್ತಾರೆ. ನಿಮ್ಮ ಇಲಾಖೆಯಲ್ಲಿ ಇದಕ್ಕೆ ಚಿಕಿತ್ಸೆ ಎನ್ನುತ್ತಾರೆ.

ಕತೆ ಶುರುವಾಗಿದ್ದು ಕೊರೊನಾ ಎರಡನೇ ಅಲೆಯಲ್ಲಿ. ಮದುವೆಯಾಗಿ ಆರು ತಿಂಗಳಾಗಿತ್ತು. ಜ್ವರ ಬಂತೆಂದು ನನ್ನನ್ನು ಹಾಸ್ಟೆಲೊಂದರಲ್ಲಿ ತೆರೆದಿದ್ದ ಆರೈಕೆ ಕೇಂದ್ರಕ್ಕೆ ಒಯ್ದರು. ಒಂದೇ ಹಾಲ್, ಇಪ್ಪತ್ತು ಮಂಚ. ಪಕ್ಕದ ಮಂಚದಲ್ಲಿ ಪ್ರಣಿತಾಳ ಸೋದರಮಾವ ಮಹಾಂತಪ್ಪ. ಆರನೇ ದಿನ ಜ್ವರ ಇಳಿಯಿತು, ಆದರೆ ವೃಷಣ ಬಾತುಕೊಂಡು ಕಾಲು ಕೂಡಿಸಲಾಗದಷ್ಟು ನೋವು. ಹೌದು, ವೃಷಣ. ಈ ಶಬ್ದ ಓದಿ ಕೆಮ್ಮಬೇಡಿ. ಆಗ ಕೆಮ್ಮಿದವರನ್ನೆಲ್ಲ ನೀವು ಒಳಗೆ ಹಾಕುತ್ತಿದ್ದಿರಿ.

ನರ್ಸಮ್ಮ ದಿನಾ ಬಾಗಿಲಲ್ಲಿ ನಿಂತು ಪಟ್ಟಿ ಹಿಡಿದು ಕೂಗಿ ಕೇಳುತ್ತಿದ್ದಳು. ಕೆಮ್ಮು? ಉಸಿರು? ವಾಸನೆ? ರುಚಿ? ಆ ದಿನವೂ ಕೊನೆಗೆ, “ಮತ್ತೇನರ ತ್ರಾಸ ಐತೇನ್ರಿ?” ಎಂದಳು. ಹತ್ತೊಂಬತ್ತು ಗಂಡಸರು ಕಿವಿ ನೆಟ್ಟಗೆ ಮಾಡಿಕೊಂಡು ಮಲಗಿದ್ದರು, ಅದರಲ್ಲಿ ಹೆಣ್ಣು ಕೊಟ್ಟ ಮನೆಯ ಹಿರಿಯನೂ ಇದ್ದ. “ಹೊಟ್ಟಿ ನೋಯಾಕತ್ತೈತ್ರಿ” ಎಂದುಬಿಟ್ಟೆ. ಗ್ಯಾಸಿನ ಗುಳಿಗೆ ಬಂತು. ಅದನ್ನೇ ನುಂಗುತ್ತ ಬಾವು ತಾನಾಗಿಯೇ ಇಳಿಯಲೆಂದು ಕಾದೆ. ಮರುದಿನ ಮಹಾಂತಪ್ಪನೂ ಹೊಟ್ಟೆನೋವೆಂದು ಅದೇ ಗುಳಿಗೆ ಕೇಳಿ ಪಡೆದ. ಆ ನರ್ಸಮ್ಮನ ತಪ್ಪಿಲ್ಲ, ಆಕೆಗೆ ಕೊಟ್ಟ ಪಟ್ಟಿಯೇ ಅಷ್ಟಿತ್ತು.

ಸರ್ಕಾರಕ್ಕೆ ಗಂಡಸಿನ ಸೊಂಟದ ಕೆಳಗಿನ ಸಂಗತಿ ಗೊತ್ತೇ ಇಲ್ಲ ಎನ್ನಲಾರೆ. ಲಸಿಕೆ ಬಂದಾಗ ನಮ್ಮೂರ ಗಂಡಸರು ಗಂಡಸುತನ ಹೋಗುತ್ತದೆಂಬ ಸುಳ್ಳು ನಂಬಿ ಹೊಲಕ್ಕೆ ಓಡಿದರು. ಆಗ ನೀವು ಆಟೋಗೆ ಮೈಕು ಕಟ್ಟಿ ‘ಲಸಿಕೆಯಿಂದ ಗಂಡಸುತನಕ್ಕೆ ಧಕ್ಕೆಯಿಲ್ಲ’ ಎಂದು ಓಣಿ ಓಣಿಯಲ್ಲಿ ಸಾರಿಸಿದಿರಿ. ಒಳ್ಳೆಯದೇ ಮಾಡಿದಿರಿ. ಅದೇ ಮೈಕಿನಲ್ಲಿ ‘ರೋಗ ಬಂದಾಗ ಅಲ್ಲಿ ನೋವು, ಬಾವು ಕಂಡರೆ ಬಂದು ತೋರಿಸಿ’ ಎಂದು ಒಂದು ಮಾತು ಸೇರಿಸಿದ್ದರೆ ಬ್ಯಾಟರಿ ತೀರಿಹೋಗುತ್ತಿತ್ತೇ? ನವೆಂಬರ್ ಬಂತೆಂದರೆ ಗಂಡಸರ ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಯ ಬ್ಯಾನರ್ ಕಟ್ಟುತ್ತೀರಿ. ಮಕ್ಕಳು ಸಾಕೆನ್ನಲು ಗಂಡಸು ನಿಮಗೆ ನೆನಪಾಗುತ್ತಾನೆ, ಬೇಕೆನ್ನುವಾಗ ಯಾಕೆ ಮರೆತುಹೋಗುತ್ತಾನೆ?

ನನ್ನನ್ನು ಮರೆಯದವನು ಒಬ್ಬನಿದ್ದ. ರಾಮದುರ್ಗದ ಲಾಡ್ಜಿಗೆ ಮಂಗಳವಾರಕ್ಕೊಮ್ಮೆ ಬರುವ ‘ಗುಪ್ತರೋಗ ತಜ್ಞ’. ಮನೆಯಲ್ಲಿ ಹೇಳದೆ ಅವನಲ್ಲಿಗೆ ಹೋದೆ. “ಬರ್ರಿ, ಕುಂತ್ರಿ, ನಾಚಬ್ಯಾಡ್ರಿ” ಎಂದ. ಬಾಗಿಲು ಹಾಕಿಕೊಂಡು ಮಾತಾಡಿಸಿದ. ಕೊಟ್ಟದ್ದು ಬೆಲ್ಲದ ಪಾಕದಂಥ ಲೇಹ್ಯ, ಅದರಿಂದ ಆದದ್ದು ಭೇದಿ ಮಾತ್ರ. ಆದರೂ ಹೇಳುತ್ತೇನೆ, ಕುಂತ್ರಿ ಎಂದವನು ಆ ಕಳ್ಳನೊಬ್ಬನೇ.

ಈ ನಡುವೆ ನಿಮ್ಮ ಫೈಲು ನಮ್ಮ ಬಳಗದಲ್ಲಿ ಶಾಸನವಾಗಿತ್ತು. ಸರ್ಕಾರಿ ದವಾಖಾನೆಯಲ್ಲೇ ಬರೆದುಕೊಟ್ಟಿದ್ದಾರಂತೆ ಎಂದು ನನಗೆ ಎರಡನೇ ಹೆಣ್ಣು ನೋಡುವ ಮಾತೆದ್ದಿತು. ನನ್ನವ್ವ ಕೃಷ್ಣವ್ವ ಬೇಡವೆನ್ನಲಿಲ್ಲ. ನಾನು ಬೇಡವೆಂದೆ, ಆದರೆ ಯಾಕೆಂದು ಹೇಳಲಿಲ್ಲ. ಬಾವಿನ ಸಂಗತಿ ಬಾಯಿಗೆ ಬರಲಿಲ್ಲ. ಹೋದ ವರ್ಷ ಪ್ರಣಿತಾ ಆ ಫೈಲನ್ನು ನನ್ನ ತೊಡೆಯ ಮೇಲಿಟ್ಟು, ಇನ್ನು ನಿಮ್ಮದೊಂದು ತಪಾಸಣೆ ಆಗಲಿ ಎಂದಳು. ಬೆಳಗಾವಿಗೆ ಹೋದೆ. ವೀರ್ಯಾಣು ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಎಂದು ಬಂತು. ಆ ಜ್ವರದಿಂದಲೇ ಹೀಗಾಯಿತೆಂದು ಈಗ ಹೇಳಲಾಗದು, ಆಗಲೇ ಯಾರಾದರೂ ನೋಡಿದ್ದರೆ ತಿಳಿಯುತ್ತಿತ್ತು ಎಂದರು ಡಾಕ್ಟರು. ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಪ್ರಣಿತಾ ಅಳಲಿಲ್ಲ.

“ಮೂರು ವರ್ಷ ಬೆಂಚಿನ ಮ್ಯಾಲೆ ಕುಂತು ಇದನ್ನ ಕಾಯಾಕತ್ತಿದ್ರೇನು?” ಎಂದಳು. ಎಂಟು ದಿನ ಮಾತು ಬಿಟ್ಟಳು. ನಿಮ್ಮ ತಪ್ಪು ಎಣಿಸುವ ನಾನು ನನ್ನದನ್ನು ಮುಚ್ಚಿಡುವುದಿಲ್ಲ. ನಾನು ಹೇಡಿಯಾಗಿದ್ದೆ.

ಮೊನ್ನೆ ಸವದತ್ತಿಯಲ್ಲಿ ನನ್ನ ತಮ್ಮ ಅರ್ಜುನನ ಹೆಂಡತಿಗೆ ಕುಬಸ ಇತ್ತು. ಬಸುರಿಗೆ ಮುತ್ತೈದೆಯರು ಸಾಲಾಗಿ ಉಡಿ ತುಂಬುತ್ತಿದ್ದರು. ಪ್ರಣಿತಾ ಎದ್ದಾಗ ನಮ್ಮ ಸೋದರತ್ತೆ ಶಟ್ಟೆವ್ವ ಉಡಿಯಕ್ಕಿಯ ತಾಟು ಹಿಂದಕ್ಕೆ ಎಳೆದುಕೊಂಡು, “ನೀ ಕುಂದ್ರವಾ. ಮಕ್ಕಳಾದವರು ತುಂಬಲಿ” ಎಂದಳು. ನಾನು ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದೆ. ಬಕೆಟ್ ಕೆಳಗಿಟ್ಟೆ.

“ಆಕಿಗೇನೂ ಆಗಿಲ್ಲ ಅತ್ತಿ. ದೋಷ ಇರೋದು ನನಗ. ರಿಪೋರ್ಟ್ ಕಿಸೇದಾಗ ಐತಿ, ಓದ್ಲೇನು?”

ನನ್ನವ್ವ ಎದ್ದು ಬಂದು ಶಟ್ಟೆವ್ವನ ಕೈಯಿಂದ ತಾಟು ತೆಗೆದು ಪ್ರಣಿತಾಳ ಕೈಗೆ ಕೊಟ್ಟಳು. ಆಕೆ ಐದು ಬೊಗಸೆ ಉಡಿಯಕ್ಕಿ ಹಾಕಿದಳು. ಊಟವಾದ ಮೇಲೆ ನಾನು ಕೈ ತೊಳೆಯುವಲ್ಲಿಗೆ, ಕುಬಸಕ್ಕೆಂದು ಬಂದಿದ್ದ ಮಹಾಂತಪ್ಪ ಬಂದ. ಸುತ್ತ ನೋಡಿ, “ಗುರುನಾಥಾ, ಆವಾಗ ನನಗೂ ಗ್ಯಾಸ್ ಇರಲಿಲ್ಲಪಾ” ಎಂದ.

ಮಾನ್ಯರೇ, ಇಪ್ಪತ್ತು ಮಂಚಗಳಲ್ಲಿ ಇಬ್ಬರು. ಉಳಿದ ಹದಿನೆಂಟು ಜನ ಏನು ನುಂಗಿದರೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಗಂಡಸರಿಗೆಂದು ಒಂದು ಕೋಣೆ ಕೊಡಿ. ಅದಕ್ಕೆ ಬಾಗಿಲಿರಲಿ, ಒಳಗೆ ಕುಂತ್ರಿ ಎನ್ನುವ ಮನುಷ್ಯನಿರಲಿ. ಮಕ್ಕಳಿಲ್ಲವೆಂದು ಬಂದ ದಂಪತಿಯಲ್ಲಿ ಇಬ್ಬರನ್ನೂ ಮೊದಲ ದಿನವೇ ತಪಾಸಣೆ ಮಾಡಿ. ಮುಂದಿನ ಸಾಂಕ್ರಾಮಿಕ ಬಂದಾಗ ನಿಮ್ಮ ಪಟ್ಟಿ ಸೊಂಟಕ್ಕೇ ನಿಲ್ಲದಿರಲಿ.

ಇದಕ್ಕೆಲ್ಲ ಆದೇಶ, ಸುತ್ತೋಲೆ ಬೇಕೆನ್ನುವಿರಿ. ಆಗಲಿ. ಆದರೆ ಒಂದು ಕೆಲಸಕ್ಕೆ ಪೆನ್ನು ಸಾಕು. ಪ್ರಣಿತಾಳ ಫೈಲಿನಲ್ಲಿ ಆ ಶಬ್ದ ಹೊಡೆದುಹಾಕಿ, ಅದರ ಪಕ್ಕದಲ್ಲಿ ಸಹಿ ಮಾಡಿ. ಬರುವ ಸೋಮವಾರ ನಾವಿಬ್ಬರೂ ಬರುತ್ತೇವೆ. ಈ ಸಲ ಬೆಂಚಿನ ಮೇಲೆ ಕೂರುವುದಿಲ್ಲ, ಒಳಗೇ ಬರುತ್ತೇನೆ.

ಇಂತಿ, ಹೊಟ್ಟೆನೋವೆಂದು ಸುಳ್ಳು ಹೇಳಿದ್ದಕ್ಕೆ ಇಂದಿಗೂ ನಾಚುವ,
ಗುರುನಾಥ, ನೇಸರಗಿ
(ನಿಮ್ಮ ದಾಖಲೆಯಲ್ಲಿ: ಗಂಡನ ಹೆಸರು)