ಕೈಯಲ್ಲಿ ಮಾತಾಡುವವಳಿಗೆ ಬಂದ ನಿಮ್ಮ ಕರೆ

ಮೊಬೈಲ್ ಕಂಪನಿಯ ಗ್ರಾಹಕ ಕುಂದುಕೊರತೆ ವಿಭಾಗದ ಮಾನ್ಯ ಮುಖ್ಯಸ್ಥರೇ,

ಹುಟ್ಟಿನಿಂದ ಕಿವಿ ಕೇಳಿಸದ, ಬಾಯಿಂದ ಮಾತು ಬಾರದ ಒಬ್ಬ ಹೆಣ್ಣುಮಗಳಿಗೆ ನಿಮ್ಮ ವಿಭಾಗ ಫೋನು ಮಾಡಿತು. ಆಕೆ ಮಾತಾಡಲಿಲ್ಲವೆಂದು ಆಕೆಯ ದೂರನ್ನು ಮುಚ್ಚಿತು. ನನ್ನ ಅಹವಾಲು ಈ ಎರಡು ವಾಕ್ಯಗಳಲ್ಲೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಖಾಸಗಿಯಾಗಿ ಬರೆದ ಪತ್ರಗಳು ನಿಮಗೆ ತಲುಪಿವೆ ಎಂಬ ಸ್ವೀಕೃತಿಗಳು ನನ್ನ ಬಳಿ ಇವೆ. ಯಾರಾದರೂ ಓದಿದರು ಎಂಬುದಕ್ಕೆ ಪುರಾವೆ ಇಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಆಕೆಯ ಹೆಸರು ಮಸ್ತಾನಬಿ. ಕಮಲಾಪುರದಲ್ಲಿ ನಮ್ಮ ಪಕ್ಕದ ಮನೆಯವರು, ಕುಪ್ಪಸ ಹೊಲಿಯುತ್ತಾರೆ. ಅಕ್ಕ ಹಲೀಮಾ ಕಲಬುರಗಿಯ ಶಹಾಬಜಾರದ ಸೊಸೆ. ಅವರಿಗೂ ಕಿವಿ ಕೇಳಿಸುವುದಿಲ್ಲ. ಇಬ್ಬರೂ ಶಾಲೆಯ ಮುಖ ಕಂಡವರಲ್ಲ, ಅಕ್ಷರ ಬಾರದು. ಒಂದೇ ಮನೆಯಲ್ಲಿ ಬೆಳೆಯುತ್ತ ತಮ್ಮ ಪಾಡಿಗೆ ಒಂದು ಕೈಭಾಷೆ ಕಟ್ಟಿಕೊಂಡರು. ಬಾಳೆಹಣ್ಣು ಸುಲಿದಂತೆ ಬೆರಳಾಡಿಸಿದರೆ, ಕೆಂಪು ಬಾಳೆಗೆ ಹೆಸರಾದ ನಮ್ಮ ಕಮಲಾಪುರ. ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡಂತೆ ಮಾಡಿದರೆ ನಾನು. ಈ ಭಾಷೆಯನ್ನು ಪೂರ್ತಿ ಬಲ್ಲವರು ಜಗತ್ತಿನಲ್ಲಿ ಅವರಿಬ್ಬರೇ. ಗಂಡಂದಿರಿಗೂ ಅರೆಬರೆ ಬರುತ್ತದೆ ಅಷ್ಟೆ.

ಇವರ ಮೊದಲ ಮೊಬೈಲುಗಳು ಸೆರಗಿನ ಗಂಟಿನಲ್ಲಿ ಇರುತ್ತಿದ್ದವು. ಒಮ್ಮೆ ನಡುಗಿ ನಿಂತರೆ ಅಕ್ಕ ಕ್ಷೇಮ, ಬಿಡದೆ ನಡುಗಿದರೆ ಹೊರಟು ಬಾ. ವರ್ಷಗಟ್ಟಲೆ ಅವರ ದೂರವಾಣಿ ಸಂಭಾಷಣೆ ಇಷ್ಟೇ ಆಗಿತ್ತು. ಆಮೇಲೆ ನಿಮ್ಮ 3ಜಿ ಬಂತು. ಅತಿವೇಗದ ಸೇವೆ ಎಂದು ನಮ್ಮೂರ ಟವರಿನ ಕೆಳಗೆ ಹಾರ ಹಾಕಿ, ಪೇಢೆ ಹಂಚಿದಿರಿ. ನಾನೂ ಒಂದು ತಿಂದೆ. ಆ ವಾರವೇ ಅಕ್ಕತಂಗಿಯರು ಊರುಗಳ ನಡುವೆ ಮೊದಲ ಬಾರಿಗೆ ಮುಖ ನೋಡಿ ಮಾತಾಡಿದರು. ಮಾತಾಡಿದರು ಎಂದರೆ ಜಗಳವಾಡಿದರು. ತಾಯಿ ಎಲೆಅಡಿಕೆ ಇಡುತ್ತಿದ್ದ ಹಿತ್ತಾಳೆ ಪಾನ್‌ದಾನ್ ಯಾರ ಮನೆಗೆ ಹೋಯಿತು ಎಂಬ ವ್ಯಾಜ್ಯ ಅಷ್ಟು ವರ್ಷ ಕಾದಿತ್ತು. ಅವರು ನಗುವುದನ್ನು ನಾನು ಮೊದಲೂ ಕಂಡಿದ್ದೆ. ಫೋನಿಗೆ ಬೆನ್ನು ತಿರುಗಿಸಿ ಸಿಟ್ಟು ಮಾಡಿಕೊಂಡದ್ದನ್ನು ಕಂಡದ್ದು ಅಂದೇ.

ನಿಮ್ಮ ಅತಿವೇಗ ಅಷ್ಟೇನೂ ವೇಗವಾಗಿರಲಿಲ್ಲ. ಕೈ ಚುರುಕಾಗಿ ಆಡಿದರೆ ಪರದೆಯ ಮೇಲೆ ಕಲಸಿಹೋಗುತ್ತಿತ್ತು. ಅವರು ದೂರು ಕೊಡಲಿಲ್ಲ, ತಮ್ಮ ಭಾಷೆಯನ್ನೇ ತಿದ್ದಿಕೊಂಡರು. ಹಿಂದಿನ ಗೋಡೆಗೆ ಚಿತ್ತಾರವಿಲ್ಲದ ಹಸಿರು ಬಟ್ಟೆ ಕಟ್ಟಿದರು. ಪ್ರತಿ ಸನ್ನೆಯನ್ನೂ ಎದೆಯ ಮುಂದೆ ಒಂದು ಕ್ಷಣ ನಿಲ್ಲಿಸಿ ಮುಂದಿನದಕ್ಕೆ ಹೋಗುವುದನ್ನು ಕಲಿತರು. ಗ್ರಾಹಕರು ಕಂಪನಿಗೆ ಇದಕ್ಕಿಂತ ಹೆಚ್ಚು ಹೊಂದಿಕೊಂಡ ಉದಾಹರಣೆ ನಿಮ್ಮಲ್ಲಿದ್ದರೆ ತಿಳಿಸಿ.

ಕಳೆದ ವರ್ಷ ಹಲೀಮಾ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ನಿಮಗೂ ನನಗೂ ಅದು ಬಲಗೈ; ಅವರಿಗೆ ಅದು ನಾಲಗೆ. ಎಡಗೈಯಲ್ಲಿ ಮಾತನ್ನು ಮೊದಲಿನಿಂದ ಕಲಿಯಬೇಕಾಯಿತು, ಮಲಗಿದಲ್ಲೇ ಇದ್ದು ಆ ಕೈಯೂ ಬಿಗಿದಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಪ್ರೀತಿ ಎಂಬವರು ಒಂದೇ ಮಾತು ಹೇಳಿದರು: "ರಬ್ಬರ್ ಚೆಂಡು ಒತ್ತೋದು ಇರ್ಲಿರಿ. ದಿನಾ ತಂಗಿ ಜೋಡಿ ಜಗಳಾ ಆಡ್ಲಿ, ಅದೇ ಛಲೋ ವ್ಯಾಯಾಮ. ಆದ್ರ ನಡುವ ಬಿಡಬ್ಯಾಡ್ರಿ, ಬಿಟ್ರ ಕೈ ಮತ್ತ ಮುಚ್ಕೋತದ." ದಿನಾ ಮಧ್ಯಾಹ್ನ ಜಗಳ ನಡೆಯಿತು. ಹಳೆಯ 3ಜಿ ಕಲಿಸಿದ ನಿಧಾನವೇ ಆ ಎಡಗೈಗೆ ಸರಿಹೊಂದಿತು. ಬೆರಳುಗಳು ಒಂದೊಂದಾಗಿ ಬಿಚ್ಚತೊಡಗಿದವು.

ಆಗ ನೀವು 3ಜಿ ನಿಲ್ಲಿಸಿದಿರಿ. ಹಳತಾಯಿತಂತೆ. 'ಇನ್ನಷ್ಟು ವೇಗದ ಜಗತ್ತಿಗೆ ಸ್ವಾಗತ' ಎಂದು ಸಂದೇಶ ಬಂತು. ನೀವು ಹೇಳಿದ ಹೊಸ ಸಿಮ್ಮು, ಹೊಸ ಫೋನು ಎರಡೂ ಬಂದವು. ನಮ್ಮ ಓಣಿ ತಗ್ಗಿನಲ್ಲಿದೆ. ಹೊಸ ಜಗತ್ತು ಅಷ್ಟು ಕೆಳಗೆ ಇಳಿಯುವುದಿಲ್ಲ. ಮನೆಯಲ್ಲಿ ಈಗ ಹಳೆಯ ಕಾಲದ ಮಾತಿನ ಕರೆ ಮಾತ್ರ ಸಿಗುತ್ತದೆ. ಬೇರೆ ಕಂಪನಿಗಳದ್ದೂ ಇದೇ ಕಥೆ.

ಸ್ಟೇಶನ್ ಬಜಾರದ ನಿಮ್ಮ ಸೇವಾ ಕೇಂದ್ರಕ್ಕೆ ಮಸ್ತಾನಬಿ ಅವರನ್ನೂ ಅವರ ಗಂಡ ನಬಿಸಾಬರನ್ನೂ ಕರೆದುಕೊಂಡು ಹೋದೆ. ಅಲ್ಲಿದ್ದ ನೌಕರರು ನಕ್ಷೆಯಿದ್ದ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

"ನೋಡ್ರಿ, ಕಮಲಾಪುರ ಪೂರಾ ಹಸಿರು ಅದ. ಸಿಗ್ನಲ್ ಫುಲ್ ಅದ."

"ಮನ್ಯಾಗ ಬರಂಗಿಲ್ರೀ," ಎಂದರು ನಬಿಸಾಬ್.

"ನಕಾಶಿದಾಗ ಬರಾಕತ್ತದಲ್ರಿ."

"ಹಂಗಾರ ನಕಾಶಿದಾಗೇ ಒಂದು ಖೋಲಿ ಕೊಡ್ರಿ, ಅಲ್ಲೇ ಇರ್ತೀವಿ."

ನೌಕರರು ನಕ್ಕರು. ಒಳ್ಳೆಯವರೇ. ನೀರು ಕೊಟ್ಟರು, ಸಲಹೆಯನ್ನೂ ಕೊಟ್ಟರು: "ಮನ್ಯಾಗ ಮಾತಾಡೋರು ಇದ್ದೀರಲ್ರಿ? ನೀವೇ ಫೋನ್ ಮಾಡಿ ಒಬ್ಬರದು ಒಬ್ಬರಿಗೆ ಹೇಳ್ರಿ. ವಾಯ್ಸ್ ಕ್ಲಿಯರ್ ಅದ."

ಅದನ್ನೂ ಮಾಡಿ ನೋಡಿದೆವು. ಶಹಾಬಜಾರದಲ್ಲಿ ಹಲೀಮಾ ಅವರ ಗಂಡ ಹುಸೇನ, ಇಲ್ಲಿ ನಬಿಸಾಬ್. ಮಸ್ತಾನಬಿ ಬಹಳ ಹೊತ್ತು ಕೈಯಾಡಿಸಿದರು. ಕನಸೋ, ದೂರೋ, ಪಾನ್‌ದಾನಿನ ವಿಷಯವೋ ನನಗೆ ತಿಳಿಯಲಿಲ್ಲ. ನಬಿಸಾಬ್ ಫೋನಿನಲ್ಲಿ ಹೇಳಿದರು: "ಅಚ್ಛೀ ಹೈ, ಭಾಯಿ." ಆ ಕಡೆಯಿಂದ ಬಂತು: "ಹೌ, ಇದರ್ ಬೀ ಅಚ್ಛೀಚ್ ಹೈ ಬೋಲೋ." ಅಲ್ಲಿಯೂ ಚೆನ್ನಾಗಿದ್ದಾರೆ, ಇಲ್ಲಿಯೂ ಚೆನ್ನಾಗಿದ್ದಾರೆ. ಮಸ್ತಾನಬಿ ಗಂಡನ ತುಟಿ ಎಷ್ಟು ಬೇಗ ನಿಂತಿತೆಂದು ನೋಡಿ ಎದ್ದು ಹೋದರು. ನಾನು ಹೆಚ್ಚಾಗಿ ಓದುವುದು ಅನುವಾದಗಳನ್ನು. ಹಿಮ ಬೀಳುವ ಊರುಗಳನ್ನೆಲ್ಲ ಬೇರೆಯವರ ಕನ್ನಡದಲ್ಲೇ ಕಂಡವನು. ಅನುವಾದವನ್ನು ಹಗುರವಾಗಿ ಕಾಣುವವನಲ್ಲ. ಆದರೆ ಇಡೀ ಕಾದಂಬರಿಯನ್ನು 'ಎಲ್ಲರೂ ಚೆನ್ನಾಗಿದ್ದಾರೆ' ಎಂದು ಕೈಗಿಟ್ಟರೆ ಯಾವ ಓದುಗ ಸಹಿಸುತ್ತಾನೆ?

ಸಿಗ್ನಲ್ ಪೂರ್ತಿ ಬರುವುದು ಬಸ್ ನಿಲ್ದಾಣದ ಹತ್ತಿರ. ಮಸ್ತಾನಬಿ ಅಲ್ಲಿಗೂ ಹೋದರು. ಹಣ್ಣಿನ ಗಾಡಿಗಳ ನಡುವೆ ನಿಂತು ಅಕ್ಕನೊಂದಿಗೆ ಮಾತಾಡಿದರು. ಬಸ್ಸಿಗೆ ಕಾಯುವವರಿಗೆ ನೋಡಲು ಬೇರೇನಿರುತ್ತದೆ? ಕೆಲವರು ಅವರ ಕೈಯನ್ನು ಅಣಕಿಸಿ ನಕ್ಕರು, ಒಬ್ಬ ವಿಡಿಯೊ ಮಾಡಿದ. ಅದನ್ನು ಆ ಕಡೆಯ ಪರದೆಯಲ್ಲಿ ಹಲೀಮಾ ಕಂಡರು, ತಾವೇ ಫೋನು ಇಟ್ಟರು. ತಂಗಿ ಮತ್ತೆ ಅಲ್ಲಿಗೆ ಹೋಗಲಿಲ್ಲ. ತಮ್ಮ ಮನೆಯ ವಿಷಯವನ್ನು ನೀವು ಬಸ್ ನಿಲ್ದಾಣದಲ್ಲಿ ಕೂಗಿ ಹೇಳುತ್ತೀರಾ, ಮಾನ್ಯರೇ?

ಹೀಗಾಗಿ ದೂರು ಬರೆದೆವು. ಗ್ರಾಹಕರಿಗೆ ಕಿವಿ ಕೇಳಿಸುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದೆವು. ಅದಕ್ಕೆ ಉತ್ತರವಾಗಿ ಬಂದದ್ದೇ ನಾನು ಆರಂಭದಲ್ಲಿ ಹೇಳಿದ ಕರೆ. ನಬಿಸಾಬ್ ಎತ್ತಿದರು. ನಾನು ಪಕ್ಕದಲ್ಲಿದ್ದೆ.

"ಸರ್, ಸಿಮ್ ಮಸ್ತಾನಬಿ ಮೇಡಂ ಹೆಸರಿನಲ್ಲಿದೆ. ಅವರ ಜೊತೆಗೇ ಮಾತಾಡಬೇಕು."

"ಅಕೀಗೆ ಕೇಳಂಗಿಲ್ರೀ, ಮಾತೂ ಬರಂಗಿಲ್ಲ. ಬರದೀವಲ್ರೀ."

"ಹೌದು ಅಥವಾ ಇಲ್ಲ ಅಂದರೆ ಸಾಕು, ಸರ್. ದಯವಿಟ್ಟು ಫೋನ್ ಅವರಿಗೆ ಕೊಡಿ."

ನಬಿಸಾಬ್ ಒಮ್ಮೆ ನನ್ನನ್ನು ನೋಡಿ ಫೋನನ್ನು ಹೆಂಡತಿಯ ಕಿವಿಗೆ ಹಿಡಿದರು. ಗಂಡನಿಗೆ ತಲೆ ಕೆಟ್ಟಿತೇ ಎಂಬಂತೆ ನೋಡಿದ ಮಸ್ತಾನಬಿ, ಯಾರೋ ಏನೋ ಕೇಳುತ್ತಿರಬೇಕೆಂದು ಸೌಜನ್ಯಕ್ಕೆ ತಲೆಯಾಡಿಸಿದರು. ಆ ಕಡೆಯವರು ಒಂದೆರಡು ಬಾರಿ ಹಲೋ ಎಂದು ಕರೆ ಕಡಿದರು. ಸ್ವಲ್ಪ ಹೊತ್ತಿಗೆ ಸಂದೇಶ: 'ನಿಮ್ಮೊಂದಿಗೆ ಮಾತಾಡಿ ಸಂತೋಷವಾಯಿತು. ಗ್ರಾಹಕರಿಂದ ಪ್ರತಿಕ್ರಿಯೆ ಇಲ್ಲದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ.' ಕೆಳಗೆ ನಕ್ಷತ್ರಗಳು, ಸೇವೆಗೆ ಅಂಕ ಕೊಡಲು. ನಿಮ್ಮ ಕಚೇರಿಗೆ ಸಂತೋಷವಾದದ್ದು ನಿಜವಿರಬೇಕು. ಎದುರು ಮಾತಾಡದ ಗ್ರಾಹಕರು ದಿನಾ ಸಿಗುವುದಿಲ್ಲ.

ಹೋದ ಭಾನುವಾರ ಮಸ್ತಾನಬಿ ಅವರೊಂದಿಗೆ ಶಹಾಬಜಾರಕ್ಕೆ ಹೋಗಿದ್ದೆ. ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗುವುದಷ್ಟೇ ಈಗ ಉಳಿದಿದೆ. ಹಲೀಮಾ ಕಿಟಕಿಯ ಬಳಿ ಕೂತಿದ್ದರು, ಎಡಗೈ ಸೆರಗಿನೊಳಗೆ. ತಂಗಿ ಏನೋ ಕೇಳಿದರು. ಕೈ ಅರ್ಧ ಮೇಲೆ ಬಂತು, ಬೆರಳು ಬಿಚ್ಚಲಿಲ್ಲ, ಮತ್ತೆ ಒಳಗೆ ಹೋಯಿತು.

"ಮಾತು ಬಿಟ್ಟಾಳ್ರಿ," ಎಂದರು ಹುಸೇನ. "ಫೋನ್ ಇದ್ದಾಗ ನನಗ ಬೈತಿದ್ಳು, ಖುಷಿ ಆಗ್ತಿತ್ತು. ಈಗ ನೀರು ಬೇಕಂದ್ರೂ ಬರೇ ಲೋಟಾ ಕಡಿ ನೋಡ್ತಾಳ."

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಹೊಸ ಸೇವೆ ನಮ್ಮ ಓಣಿಯನ್ನು ಮುಟ್ಟುವವರೆಗೆ ಕಮಲಾಪುರದ ಟವರಿನಲ್ಲಿ ಹಳೆಯ ಸೇವೆಯನ್ನು ಮತ್ತೆ ನಡೆಸಿ. ಅದು ಆಗದಿದ್ದರೆ ಹೊಸ ಸಿಗ್ನಲನ್ನು ಆ ತಗ್ಗಿಗೆ ಇಳಿಸಿ. ಯಾವುದು ಸುಲಭವೋ ನಿಮ್ಮ ಎಂಜಿನಿಯರರು ಬಲ್ಲರು. ಮುಚ್ಚಿದ ದೂರನ್ನು ತೆರೆದು, ಪರಿಶೀಲನೆಗೆ ಒಬ್ಬ ಮನುಷ್ಯನನ್ನು ಕಳಿಸಿ. ಅವರು ಮೊದಲೇ ಕರೆ ಮಾಡಬೇಕಿಲ್ಲ, ಬಾಗಿಲನ್ನೂ ಬಡಿಯಬೇಕಿಲ್ಲ. ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಮಸ್ತಾನಬಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಾರೆ. ಬೆಳಕಿಗೆ ಅಡ್ಡ ನಿಂತರೆ ತಲೆ ಎತ್ತುತ್ತಾರೆ. ಅಲ್ಲಿಂದಲೇ ಶಹಾಬಜಾರಕ್ಕೆ ವಿಡಿಯೊ ಕರೆ ಹಚ್ಚಲಿ, ಹಲೀಮಾ ಅವರ ಮುಖ ಪರದೆಯ ಮೇಲೆ ಮೂಡುವವರೆಗೆ ಜಾಗ ಬಿಟ್ಟು ಏಳದಿರಲಿ. ಬೇಗ ಬರಲಿ. ಹೊಸ ಟವರು ಇಂದಲ್ಲ ನಾಳೆ ನಿಲ್ಲಬಹುದು. ಮುಚ್ಚಿಕೊಳ್ಳುತ್ತಿರುವ ಕೈಗೆ ಅಷ್ಟು ಪುರುಸೊತ್ತಿಲ್ಲ.

ಇಂತಿ,
ಕಿವಿ ಕೇಳಿಸುವ, ಬಾಯಿಯೂ ಇರುವ, ಆದರೂ ನಿಮಗೆ ಏನನ್ನೂ ಕೇಳಿಸಲಾಗದ
ಗುರುಲಿಂಗಪ್ಪ
ಕಮಲಾಪುರ