ಎರಡನೇ ಸಂಪಿನೊಳಗೆ ಆಳು ಇಳಿಯುವ ಮುಂಚೆ

ಕಟ್ಟಡ ಕೆಲಸದವರ ಸುರಕ್ಷತೆ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಸೋಮವಾರ ಬೆಳಿಗ್ಗೆ ನನ್ನ ಗಂಡನನ್ನು ನೆಲದಡಿಯ ಎರಡನೇ ನೀರಿನ ಸಂಪಿಗೆ ಇಳಿಸುತ್ತಾರೆ. ಮೊದಲನೇ ಸಂಪಿನಿಂದ ನನ್ನ ಮೈದುನನ ಹೆಣ ತೆಗೆದು ಇನ್ನೂ ಹದಿನೈದು ದಿನವಾಗಿಲ್ಲ. ತಮ್ಮ ಕಚೇರಿಯ ಕಾಗದದಲ್ಲಿ ಮಾತ್ರ ಎರಡರಲ್ಲೂ ಗಾಳಿ ಚೆನ್ನಾಗಿದೆಯಂತೆ. ಕಾರಿನಿಂದ ಇಳಿಯದೆ ಹನ್ನೆರಡು ಅಡಿ ಆಳದ ಗಾಳಿ ತಿಳಿದುಕೊಂಡ ತಮ್ಮ ವಿದ್ಯೆಗೆ ನನ್ನದೊಂದು ನಮಸ್ಕಾರ.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು, ಅದೇ ಕಟ್ಟಡದಲ್ಲಿ ಗಾರೆ ಹೊರುತ್ತೇನೆ. ಸಂಪಿಗೆ ಕಾಂಕ್ರೀಟ್ ಹಾಕಿ ಮೂರು ವಾರ ಮುಚ್ಚಿಡುತ್ತಾರೆ. ಆಮೇಲೆ ಒಬ್ಬ ಒಳಗಿಳಿದು ಆಧಾರಕ್ಕೆ ಕೊಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚಬೇಕು. ಅಷ್ಟು ದಿನದಲ್ಲಿ ಒದ್ದೆ ಮರ ಕೊಳೆತು ಒಳಗಿನ ಗಾಳಿ ಸತ್ತಿರುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಸುವುದು, ಆರದಿದ್ದರೆ ಆಳು ಇಳಿಯುವುದು, ಇಷ್ಟೇ ನಮ್ಮ ಪರೀಕ್ಷೆ. ದೇವರ ಹೆಸರು ಹೇಳುವವಳು ಅಂತ ದೀಪದ ಕೆಲಸ ನನಗೇ.

ಅವತ್ತು ಹಗ್ಗ ಗಿಡ್ಡವಿತ್ತು, ಅರ್ಧಕ್ಕೇ ನಿಂತಿತು. ದೀಪ ಚೆನ್ನಾಗಿಯೇ ಉರಿಯಿತು. ನಾನು ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದೆ.

"ಸಾಕು ಬಿಡಿ ಅತ್ತಿಗೆ, ನೀವು ಪ್ರಾರ್ಥನೆ ಮುಗಿಸೋಷ್ಟರಲ್ಲಿ ನಾನು ಕೆಲಸಾನೇ ಮುಗಿಸಿ ಬರ್ತೀನಿ," ಅಂದ ಮೈದುನ.

"ಉರೀತಿದೆ, ಇಳಿಯಪ್ಪ," ಅಂದೆ. ನಾನೇ ಅಂದೆ. ತಳ ಮುಟ್ಟಿದವನು ಮೇಲೆ ನೋಡಿದ, ಏನೋ ಹೇಳಲು ಬಾಯಿ ತೆರೆದ, ಹಾಗೇ ಕುಸಿದ. ಹಿಂದೆಯೇ ಹಾರಲು ಹೋದ ಗಂಡನ ಸೊಂಟ ತಬ್ಬಿ ಹಿಡಿದೆ. ಬಿಟ್ಟಿದ್ದರೆ ಎರಡು ಹೆಣ. ಅವತ್ತಿನಿಂದ ಅವರು ನನ್ನ ಜೊತೆ ಮಾತಾಡಿಲ್ಲ. ನಿನ್ನೆ ಮೇಸ್ತ್ರಿ "ಎರಡನೇದಕ್ಕೆ ಯಾರು?" ಅಂದಾಗ ಬಾಯಿ ಬಿಟ್ಟರು: "ನಾನು."

ಕಾಲು ಹಿಡಿದೆ, ಕೇಳಲಿಲ್ಲ. ಮೇಸ್ತ್ರಿಯನ್ನು ಬೇಡಿದೆ. "ಅವನಲ್ಲ ಅಂದ್ರೆ ಇನ್ನೊಬ್ಬ ಇಳೀತಾನಮ್ಮ," ಅಂದ. ಆ ಇನ್ನೊಬ್ಬನ ಮನೆಯಲ್ಲೂ ನನ್ನಂಥವಳೊಬ್ಬಳು ಇರುತ್ತಾಳಲ್ಲ, ಈ ಸಂಕಟ ಅವಳ ತಲೆ ಮೇಲೆ ಹಾಕಲೇ? ನನ್ನ ತಪ್ಪಿಗೆ ನಾನು ದಿನಾ ದೇವರ ಮುಂದೆ ತಲೆ ಬಾಗುತ್ತೇನೆ. ತಾವು ಯಾರ ಮುಂದೆ ಬಾಗುತ್ತೀರಿ? ಗಾಳಿ ಅಳೆಯುವ ಯಂತ್ರ ತಮ್ಮ ಕಚೇರಿಯ ಬೀರುವಿನಲ್ಲಿದೆ. ದೂರು ಕೊಡಲು ಬಂದಾಗ ಕಣ್ಣಾರೆ ಕಂಡೆ, ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿಲ್ಲ. ಯಾರಿಗೆ ಅಂತ ಎತ್ತಿಟ್ಟಿದ್ದೀರಿ?

ಸೋಮವಾರದೊಳಗೆ ಅದನ್ನು ತಳದವರೆಗೆ ಇಳಿಸಿ ನೋಡಿ. ಒಳಗೆ ಗಾಳಿ ಊದುವ ಫ್ಯಾನು, ಇಳಿಯುವವನ ಮೈಗೆ ಬೆಲ್ಟು, ಮೇಲೆ ಹಗ್ಗ ಹಿಡಿದು ನಿಂತ ಜನ, ಇವಿಲ್ಲದೆ ಯಾರನ್ನೂ ಇಳಿಸಕೂಡದು ಅಂತ ಬರೆದು ಕೊಡಿ. ಅಲ್ಲಿಯವರೆಗೆ ಸಂಪಿನ ಬಾಯಿಗೆ ಅಡ್ಡ ನಾನು ಕೂತಿರುತ್ತೇನೆ. ಎಬ್ಬಿಸಲು ಪೊಲೀಸರನ್ನು ಕಳಿಸುವುದಾದರೆ ಕಳಿಸಿ, ಅವರ ಕೈಯಲ್ಲೇ ಆ ಯಂತ್ರವನ್ನೂ ಕೊಟ್ಟು ಕಳಿಸಿ.

ಇಂತಿ,
ಇವತ್ತಿನ ಮಟ್ಟಿಗೆ ಗಂಡನುಳ್ಳ ಒಬ್ಬ ಗಾರೆ ಕೆಲಸದವಳು