ಬಾಗಿಲಲ್ಲಿಟ್ಟ ಗಂಡಸಿನ ಚಪ್ಪಲಿ

...ಗಂಡಸಿರೋ ಮನೆಗೆ ಸರ್ಕಾರ ಯಾಕಮ್ಮ ಕೊಡಬೇಕು, ಎಂದೋ ಏನೋ ನಿಮ್ಮ ತಪಾಸಣೆಯವರು ಮೆಟ್ಟಿಲಿಳಿಯುತ್ತ ಅಂದರು. ಪೂರ್ತಿ ಕೇಳಿಸಲಿಲ್ಲ. ಉಳಿದದ್ದು ಮೊನ್ನೆ ನಿಮ್ಮ ಪತ್ರದಲ್ಲಿ ಬಂತು: ಒಂಟಿ ತಾಯಂದಿರ ಮಾಸಾಶನಕ್ಕೆ ನಾನು ಇನ್ನು ಅರ್ಹಳಲ್ಲ.

ಮಾನ್ಯ ಕಲ್ಯಾಣಾಧಿಕಾರಿಗಳೇ, ನನ್ನ ಮನೆಯಲ್ಲಿ ಗಂಡಸಿದ್ದಾನೆ ಎಂಬುದನ್ನು ನೀವು ನನಗಿಂತ ಮೊದಲೇ ಕಂಡುಹಿಡಿದಿರಿ. ಸಾಕ್ಷಿಯೂ ಇದೆ: ಬಾಗಿಲಲ್ಲಿ ಒಂದು ಜೊತೆ ದೊಡ್ಡ ಚಪ್ಪಲಿ, ಜೊತೆಗೆ ಎಂಟು ವರ್ಷದ ನನ್ನ ಮಗಳ ಹೇಳಿಕೆ. ಅವಳ ಅಪ್ಪ ಅವಳು ನಡೆಯಲು ಕಲಿಯುವ ಮೊದಲೇ ಹೋದ. ತನ್ನ ಚಪ್ಪಲಿ ಹಾಕಿಕೊಂಡೇ ಹೋದ.

ಈ ಜೊತೆ ಬೇರೆ. ಎರಡು ಸಲ ಯಾರೋ ಚಿಲಕ ಅಲ್ಲಾಡಿಸಿ ಹೋದ ಮೇಲೆ, ಬೀದಿಯ ಕೊನೆಯಲ್ಲಿ ಚಪ್ಪಲಿ ಹೊಲಿಯುವವನಿಂದ ತಂದದ್ದು. ಯಾರೋ ರಿಪೇರಿಗೆ ಕೊಟ್ಟು ಮರಳಿ ಬಾರದೆ ಉಳಿದಿತ್ತು.

"ಯಾರಿಗಕ್ಕಾ ಇಷ್ಟು ದೊಡ್ಡದು?"

"ಬಾಗಿಲಿಗೆ."

ಅವನು ನಗಲಿಲ್ಲ. ಅವನ ತಂಗಿಯೂ ಒಬ್ಬಳೇ ಇರುತ್ತಾಳಂತೆ. "ಹಾಗಾದ್ರೆ ದಿನಾ ಸ್ವಲ್ಪ ಜರುಗಿಸ್ತಿರಿ. ಇಲ್ಲಾಂದ್ರೆ ಧೂಳೇ ಹೇಳಿಬಿಡುತ್ತೆ."

ಜರುಗಿಸುವ ಕೆಲಸ ಮಗಳದು. ನಾನು ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹಾಕುವ ಹೊತ್ತಿಗೆ ಅವಳು ಶಾಲೆಯಿಂದ ಬಂದು, ಒಳಗೆ ಹೋಗುವ ಮೊದಲು ಒಂದು ಚಪ್ಪಲಿಯನ್ನು ಓರೆ ಮಾಡುತ್ತಾಳೆ, ಅವಸರದಲ್ಲಿ ಕಳಚಿಟ್ಟ ಹಾಗೆ. ಯಾರಾದರೂ ಕೇಳಿದರೆ "ಅಪ್ಪಂದು, ಒಳಗೆ ಮಲಗಿದ್ದಾರೆ" ಅನ್ನಬೇಕೆಂದು ಕಲಿಸಿದವಳು ನಾನು. ನಿಮ್ಮವರಿಗೆ ಮಾತ್ರ ಹಾಗೆ ಹೇಳಬಾರದೆಂದು ಕಲಿಸಲು ಮರೆತೆ.

"ಯಾರದು ಪುಟ್ಟೀ ಈ ಚಪ್ಪಲಿ?" ಎಂದು ಅವರು ಬಗ್ಗಿ ಕೇಳಿದರು. ಮಗಳು ಪಾಠ ಒಪ್ಪಿಸಿದಳು. ನಾನು ಒಲೆಯ ಮುಂದಿನಿಂದ ಎದ್ದು ಬರುವಷ್ಟರಲ್ಲಿ ಬರೆದುಕೊಂಡಾಗಿತ್ತು. ಒಳಗೆ ಬಂದು ನೋಡಿ, ಎರಡೇ ತಟ್ಟೆ, ಎರಡೇ ದಿಂಬು ಅಂದೆ.

"ಎಲ್ಲಾ ಎತ್ತಿಟ್ಟಿರ್ತೀರಿ, ನಮಗೂ ಗೊತ್ತು ಬಿಡಮ್ಮ."

ಬೀದಿಗೆ ನಾನು ಗಂಡನಿರುವವಳಾಗಿ ಕಾಣಬೇಕು, ನಿಮ್ಮ ಕಚೇರಿಯ ಕಿಟಕಿಗೆ ಇಲ್ಲದವಳಾಗಿ. ಎರಡು ಕಡೆಯೂ ಸರಿಯಾಗಿ ಕಾಣಿಸಿಕೊಳ್ಳುವುದರಲ್ಲಿ, ಯಾರೂ ನೋಡದಿರುವಾಗ ನಾನು ಯಾರು ಎಂದು ಯೋಚಿಸಲು ಪುರುಸೊತ್ತಾಗಿಲ್ಲ. ನಿಮ್ಮ ಸರದಿಯಲ್ಲಿ ನನ್ನ ಹಿಂದೆ ನಿಲ್ಲುವಾಕೆ ದಿನವೂ ಅದೇ ಒಂದು ಗಂಡಸಿನ ಅಂಗಿಯನ್ನು ಒದ್ದೆ ಮಾಡಿ ಹಗ್ಗಕ್ಕೆ ಹಾಕುತ್ತಾಳೆ. "ನಿಮ್ಮವರು ಹೇಗಿದ್ದಾರೆ?" ಅಂದರೆ "ಇನ್ನೂ ಒಣಗಿಲ್ಲ ಕಣೇ" ಅನ್ನುತ್ತಾಳೆ. ನಾವು ನಗುತ್ತೇವೆ. ಮೋಸಗಾರರು ನಗುವುದು ಹೀಗೆಯೇ ಏನು, ನಿಮಗೆ ತಿಳಿದಿರಬೇಕು.

ಪತ್ರ ಬಂದ ದಿನ ಮಗಳು ಕೇಳಿದಳು, "ಅಮ್ಮಾ, ನಾನು ಅಪ್ಪ ಇಲ್ಲ ಅಂದಿದ್ರೆ ಸರಿಹೋಗ್ತಿತ್ತಾ?" ಅಂದಿನಿಂದ ಅವಳು ಆ ಚಪ್ಪಲಿ ಮುಟ್ಟುತ್ತಿಲ್ಲ. ಧೂಳು ಕೂತಿದೆ.

ಮಾಸಾಶನ ಮರಳಿ ಕೊಡಿ. ಅದಕ್ಕೂ ಮೊದಲು ಒಬ್ಬರನ್ನು ಕಳಿಸಿ, ಅವಳದೇನೂ ತಪ್ಪಿಲ್ಲವೆಂದು ಅವಳೆದುರೇ ಹೇಳಿಸಿ. ನಾನು ಹೇಳಿದರೆ ನಂಬುತ್ತಿಲ್ಲ. ಚಪ್ಪಲಿ ಅಲ್ಲೇ ಇರುತ್ತದೆ, ಅದನ್ನು ತೆಗೆಯಲು ನನಗೆ ಧೈರ್ಯವಿಲ್ಲ.

ನಿಮ್ಮ ಮೇಲ್ಮನವಿಯ ಅರ್ಜಿಯಲ್ಲಿ "ಸದರಿ ಪುರುಷನು ಮನೆ ಬಿಟ್ಟ ದಿನಾಂಕ" ಎಂದೊಂದು ಜಾಗವಿದೆ. ಖಾಲಿ ಬಿಟ್ಟರೆ ತೆಗೆದುಕೊಳ್ಳುವುದಿಲ್ಲವಂತೆ. ಹಾಗಾಗಿ ಈ ಒಂದು ಮಾತು ನಿಮಗಲ್ಲ. ಚಪ್ಪಲಿಯನ್ನು ರಿಪೇರಿಗೆ ಕೊಟ್ಟು ಮರೆತವರೇ, ನಾನು ಎಂದೂ ಕಾಣದವರೇ, ನೀವು ನಮ್ಮ ಮನೆ ಬಿಟ್ಟು ಹೋದದ್ದು ಯಾವತ್ತು ಎಂದು ಬರೆಯಲಿ?

ಇಂತಿ,
ಎರಡು ತಟ್ಟೆಯ ಮನೆಯವಳು